ಜಾಡ್ಯದ ಕಾಲದಲ್ಲಿ ಬಾಲಿಕೆಯರ ಆಟ



ಕೊರೋನಾ ಜಾಡ್ಯದಿಂದ ಮಕ್ಕಳ ವಿದ್ಯಾಭ್ಯಾಸಕ್ಕೆ ಒದಗಿದ ನಷ್ಟವನ್ನು ಕುರಿತು ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದರು. ನಾನೂ ಸಂತೋಷದಿಂದ ಒಪ್ಪಿಕೊಂಡೆನು. ಆದರೆ ಬರೆಯಲು ಕುಳಿತ ಮೇಲೆ ಒಂದು ಸಂಗತಿಯು ನನ್ನ ಮನಸ್ಸಿಗೆ ಹೊಳೆಯಿತು. ಪಾಠದ ನಷ್ಟವನ್ನು ಅಳೆದವರು ಅನೇಕರಿರುತ್ತಾರೆ. 3ನೆಯ ತರಗತಿಯ ಮಕ್ಕಳಲ್ಲಿ 2ನೆಯ ತರಗತಿಯ ಪಾಠವನ್ನು ಓದಬಲ್ಲವರು ನಮ್ಮ ದೇಶದಲ್ಲಿ 2018ರಲ್ಲಿ ನೂರಕ್ಕೆ 27.3 ಮಂದಿ ಇದ್ದರೆಂದೂ, 2022ರಲ್ಲಿ ಅದು 20.5ಕ್ಕೆ ಇಳಿಯಿತೆಂದೂ ‘ಅಸರ್’ ಸಮೀಕ್ಷೆಯವರು ಲೆಕ್ಕ ಹೇಳಿದ್ದಾರೆ. ಆಟದ ನಷ್ಟಕ್ಕಾದರೋ ಇಂಥ ಲೆಕ್ಕದ ಪುಸ್ತಕವನ್ನು ಇಟ್ಟವರು ವಿರಳ. ಅದರಲ್ಲಿಯೂ ಬಾಲಿಕೆಯರ ಆಟವು ನಿಂತುಹೋದದ್ದನ್ನು ನಷ್ಟವೆಂದು ಎಣಿಸಿದವರೇ ಕಡಿಮೆ. ಆದಕಾರಣ ಪಾಠದ ವಿಷಯವನ್ನು ಇತರರಿಗೆ ಬಿಟ್ಟು, ಆಟದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಇದು ಮುಗಿದುಹೋದ ಕಥೆಯಲ್ಲವೇ ಎಂದು ನೀವು ಕೇಳಬಹುದು. ಹಾಗಲ್ಲ. 2025ನೆಯ ಇಸವಿಯ ಬೇಸಿಗೆಯ ರಜೆಯ ತರುವಾಯ ನಮ್ಮ ಪ್ರೌಢಶಾಲೆಯ 8ನೆಯ ತರಗತಿಗೆ ಸೇರಿದ ಬಾಲಿಕೆಯರನ್ನು ನೆನೆಯಿರಿ. ಅವರು 1ನೆಯ ತರಗತಿಗೆ ಕಾಲಿಟ್ಟದ್ದು 2018ರಲ್ಲಿ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಜೋಡುಪಾಲ, ಮಕ್ಕಂದೂರು ಮುಂತಾದ ಕಡೆಗಳಲ್ಲಿ ಬೆಟ್ಟಗಳು ಜರಿದು ಬಿದ್ದವು. ಶಾಲೆಗಳು ನಿರಾಶ್ರಿತರ ಶಿಬಿರಗಳಾದವು. 2ನೆಯ ತರಗತಿಯಲ್ಲಿದ್ದಾಗ, ಅಂದರೆ 2019ರ ಆಗಸ್ಟಿನಲ್ಲಿ, ಪುನಃ ಪ್ರವಾಹ. ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿಯಿತು. ಆ ತರಗತಿಯು ಮುಗಿಯುವುದರೊಳಗೆ, 2020ರ ಮಾರ್ಚಿ ತಿಂಗಳ ನಡುವೆ, ಜಾಡ್ಯದ ಭಯದಿಂದ ಶಾಲೆಯ ಬಾಗಿಲು ಮುಚ್ಚಿತು. ಅದೇ ತಿಂಗಳ 19ರಂದು ನಮ್ಮ ಜಿಲ್ಲೆಯಲ್ಲಿ ಮೊದಲನೆಯ ರೋಗಿಯು ಕಂಡುಬಂದನು. 25ರಿಂದ ದೇಶವೆಲ್ಲವೂ ಮನೆಯೊಳಗಾಯಿತು. ನಮ್ಮ ರಾಜ್ಯದಲ್ಲಿ 1ರಿಂದ 5ನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಯು ಪುನಃ ತೆರೆದದ್ದು 2021ನೆಯ ಅಕ್ಟೋಬರ್ 25ರಂದು. ಲೆಕ್ಕ ಹಾಕಿ ನೋಡಿರಿ: 19 ತಿಂಗಳುಗಳು. 3ನೆಯ ತರಗತಿಯೆಂಬುದನ್ನು ಆ ಮಕ್ಕಳು ಕಣ್ಣಿನಿಂದ ನೋಡಲೇ ಇಲ್ಲ. ಮಗುವು ಅತ್ಯಂತ ಹುರುಪಿನಿಂದ ಓಡಿಯಾಡತಕ್ಕ ಎಂಟು ಒಂಬತ್ತನೆಯ ವಯಸ್ಸು ಹೊಸ್ತಿಲಿನ ಒಳಗೇ ಕಳೆಯಿತು. ಆ ಮಕ್ಕಳೇ ಈಗ ನಮ್ಮ ಬೆಂಚುಗಳ ಮೇಲೆ ಕುಳಿತಿರುತ್ತಾರೆ.

ಪಾಠಕ್ಕೆ ಬದಲಿ ಏರ್ಪಾಡುಗಳಾದವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. 2020ರ ಆಗಸ್ಟಿನಲ್ಲಿ ಸರ್ಕಾರದವರು ‘ವಿದ್ಯಾಗಮ’ ಎಂಬ ಏರ್ಪಾಡನ್ನು ಮಾಡಿ, ಉಪಾಧ್ಯಾಯರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿದರು. ಮರದ ನೆರಳು, ದೇವಸ್ಥಾನದ ಜಗಲಿ, ಎಲ್ಲಿ ಸ್ಥಳವಿತ್ತೋ ಅಲ್ಲಿಯೇ ಪಾಠ. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತಾದರೂ, 2021ರ ಜನವರಿಯಲ್ಲಿ ಪುನಃ ಆರಂಭವಾಯಿತು. ಉಳ್ಳವರ ಮನೆಗಳಲ್ಲಿ ಫೋನಿನ ಮೂಲಕ ಪಾಠ ನಡೆಯಿತು. ನಮ್ಮ ಬೆಟ್ಟದ ನಾಡಿನಲ್ಲಿ ಫೋನು ಇದ್ದರೂ ನೆಟ್‌ವರ್ಕ್ ಸಿಗುವುದು ಎಷ್ಟು ದುರ್ಲಭವೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಶನಿವಾರಸಂತೆಯ ಸಮೀಪದ ಮುಳ್ಳೂರು ಸರ್ಕಾರಿ ಶಾಲೆಯ ಉಪಾಧ್ಯಾಯರೊಬ್ಬರು ಮರದ ಮೇಲೆ ಅಟ್ಟಣಿಗೆಯನ್ನು ಕಟ್ಟಿಕೊಂಡು, ಅದರಲ್ಲಿ ಕುಳಿತು ತಮ್ಮ ಪುಟ್ಟ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಪತ್ರಿಕೆಗಳಲ್ಲಿ ಅದನ್ನೋದಿ ನಾನು ಮನಸ್ಸಿನಲ್ಲಿಯೇ ಅವರಿಗೆ ಕೈಮುಗಿದೆನು. ಆದರೆ ಮರದ ಮೇಲೊಂದು ಮನೆಯೆಂದರೆ ಯಾವ ಮಗುವಿಗೆ ತಾನೇ ಆಸೆಯಾಗದು? ಆ ಮಹನೀಯರ ಶಿಷ್ಯರು ಅದನ್ನು ಅಂಗೈಯಗಲದ ಗಾಜಿನಲ್ಲಿ ಮಾತ್ರ ನೋಡಬೇಕಾಗಿತ್ತಲ್ಲಾ ಎಂಬ ಯೋಚನೆಯೂ ಬಂದಿತು.

ಆಟಕ್ಕೆ ಅಂಥ ಬದಲಿಯಿಲ್ಲ. ಶಿಶುವಿಹಾರಗಳ ಪಿತಾಮಹನೆನಿಸಿಕೊಂಡ ಜರ್ಮನಿಯ ಫ್ರೋಬೆಲನು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ತನ್ನ ಸಂಸ್ಥೆಯನ್ನು ಆರಂಭಿಸಿದಾಗ, ಆಟವನ್ನು ಪಾಠದ ನಡುವಣ ಬಿಡುವೆಂದು ಭಾವಿಸಲಿಲ್ಲ. ಮಗುವಿನ ಕೆಲಸವೇ ಆಟವೆಂದು ತಿಳಿದನು. ನಮ್ಮ ಹಿರಿಯರಿಗೂ ಇದು ತಿಳಿಯದ ಸಂಗತಿಯೇನಲ್ಲ. ಕುಂಟೆಬಿಲ್ಲೆಯಲ್ಲಿ ಒಂಟಿಗಾಲಿನ ಮೇಲೆ ನಿಂತು ಗೆರೆಯನ್ನು ತುಳಿಯದೆ ದಾಟುವುದರಿಂದ ಅಂಗಗಳಿಗೆ ಸಮತೋಲನವು ಬರುತ್ತದೆ. ಚೆನ್ನೆಮಣೆಯಲ್ಲಿ ಎಣಿಕೆಯು ಬೆರಳ ತುದಿಗೆ ಹತ್ತುತ್ತದೆ. ಖೋ ಖೋ ಆಟದಲ್ಲಿ ಬೆನ್ನ ಹಿಂದಿನಿಂದ ಬರುವ ಗೆಳತಿಯ ಕೂಗಿಗೆ ಕ್ಷಣಮಾತ್ರದಲ್ಲಿ ಎದ್ದು ಓಡುವ ಚುರುಕು ಹುಟ್ಟುತ್ತದೆ. ಇವೆಲ್ಲಕ್ಕಿಂತಲೂ ದೊಡ್ಡದೊಂದಿದೆ. ‘ನೀನು ಔಟು’, ‘ಅಲ್ಲ, ನಾನು ಗೆರೆಯನ್ನು ಮುಟ್ಟಲಿಲ್ಲ’ ಎಂಬ ಜಗಳವನ್ನು ಹಿರಿಯರ ಸಹಾಯವಿಲ್ಲದೆ ತಾವೇ ತೀರ್ಮಾನಿಸಿಕೊಂಡು, ಆಟವನ್ನು ಮುಂದುವರಿಸುವ ವಿವೇಕವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಶರೀರಕ್ಕಾದ ಹಾನಿಯನ್ನು ಅಳೆದವರು ಉಂಟು. ಚೀನಾ ದೇಶದ ಶಾಂಡೊಂಗ್ ಪ್ರಾಂತದ ಫೈಚೆಂಗ್ ನಗರದಲ್ಲಿ ವೈದ್ಯರು ವರ್ಷವರ್ಷವೂ ಶಾಲಾ ಮಕ್ಕಳ ಕಣ್ಣುಗಳನ್ನು ಪರೀಕ್ಷಿಸುತ್ತಿದ್ದರು. 2015ರಿಂದ 2019ರವರೆಗೆ ಆರು ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷವುಳ್ಳವರು ಯಾವ ವರ್ಷದಲ್ಲಿಯೂ ನೂರಕ್ಕೆ 5.7ನ್ನು ಮೀರಿರಲಿಲ್ಲ. ಮಕ್ಕಳು ಕೆಲವು ತಿಂಗಳು ಮನೆಯೊಳಗಿದ್ದು ಹೊರಬಂದ ಮೇಲೆ, 2020ರಲ್ಲಿ, ಅದು 21.5ಕ್ಕೆ ಏರಿತ್ತು. ಬಯಲಿನ ಬೆಳಕಿನಲ್ಲಿ ದೂರವನ್ನು ನೋಡುತ್ತಾ ಆಡುವ ಮಗುವಿನ ಕಣ್ಣಿಗೆ ಈ ದೋಷವು ಅಷ್ಟು ಬೇಗ ಬಾರದೆಂದು ನೇತ್ರವೈದ್ಯರು ಹೇಳುತ್ತಾರೆ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 60 ನಿಮಿಷ! ಜಾಡ್ಯದ ಮೊದಲಾದರೂ ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಹುಡುಗಿಯರಿಗೆ ಅಷ್ಟು ದೊರೆಯುತ್ತಿತ್ತು?

ಇಲ್ಲಿಯೇ ನಮ್ಮಂಥ ಬಾಲಿಕಾ ಪಾಠಶಾಲೆಯವರು ಆಲೋಚಿಸಬೇಕಾದ ವಿಷಯವಿರುವುದು. ಶಾಲೆಯು ಮುಚ್ಚಿದ ಮೇಲೂ ಗಂಡುಹುಡುಗರಿಗೆ ಕೊಯ್ಲಾದ ಗದ್ದೆಯ ಬಯಲಿತ್ತು, ತೋಟದ ಕಣವಿತ್ತು, ಒಂದು ಚೆಂಡು ಸಿಕ್ಕಿದರೆ ಸಾಕಾಗಿತ್ತು. ಹುಡುಗಿಗಾದರೋ, ಎಲ್ಲಿಗೆ ಹೊರಟೆಯೆಂದು ಯಾರೂ ಕೇಳದ ಬಯಲು ಊರಿನಲ್ಲಿ ಒಂದೇ ಒಂದು. ಅದು ಶಾಲೆಯ ಅಂಗಳ. ಅದರ ಗೇಟಿಗೆ ಬೀಗ ಬಿದ್ದಿತೆಂದರೆ ಆಕೆಯ ಆಟಕ್ಕೇ ಬೀಗ ಬಿದ್ದಿತು. ‘ಹೇಗೂ ಶಾಲೆಯಿಲ್ಲವಲ್ಲ, ತಮ್ಮನನ್ನು ನೋಡಿಕೋ’ ಎಂಬಲ್ಲಿಂದ ಆರಂಭವಾಗಿ, ಪಾತ್ರೆ, ಬಟ್ಟೆ, ಸೌದೆ, ನೀರು ಒಂದೊಂದೇ ಆಕೆಯ ಕೈಸೇರಿದವು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಗಳ ಹಿರಿಯರು ಬೆಳಗ್ಗೆಯೇ ತೋಟಕ್ಕೆ ಹೋದರೆ, ಒಂಬತ್ತು ವರ್ಷದ ಹುಡುಗಿಯು ಮನೆಗೆ ಯಜಮಾನಿಯಾದಳು. ಇದಕ್ಕಾಗಿ ತಾಯಂದಿರನ್ನು ದೂರುವವಳು ನಾನಲ್ಲ. ದುಡಿಯದಿದ್ದರೆ ಒಲೆ ಉರಿಯದ ಮನೆಗಳವು. ಉಳ್ಳವರ ಮನೆಗಳಲ್ಲಿಯೂ, ಪಾಠ ಮುಗಿಯುತ್ತಲೇ ಅಣ್ಣನು ಬ್ಯಾಟನ್ನು ಹಿಡಿದು ಹೊರಗೆ ಹೋದರೆ, ತಂಗಿಯು ಅಡಿಗೆಮನೆಗೆ ಹೋದಳೆಂಬುದನ್ನು ನನ್ನ ವಿದ್ಯಾರ್ಥಿನಿಯರೇ ನನಗೆ ಹೇಳಿರುತ್ತಾರೆ.

ದೊಡ್ಡವರ ಆಟವು ನಿಂತಾಗ ನಾಡಿಗೆ ನಾಡೇ ಹಂಬಲಿಸಿತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವು, 2018ರ ದುರಂತದಿಂದಲೂ ಆಮೇಲೆ ಜಾಡ್ಯದಿಂದಲೂ ನಿಂತು, 2023ರಲ್ಲಿ ನಾಪೋಕ್ಲಿನಲ್ಲಿ ಪುನಃ ನಡೆಯಿತು. ಆ ಮಧ್ಯೆ ಅದನ್ನು ನೆನೆಯದ ಬೇಸಿಗೆಯಿಲ್ಲ; ನಾನೂ ನೆನೆದವಳೇ. ನಮ್ಮ ಥ್ರೋಬಾಲ್ ಅಂಗಳದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದದ್ದನ್ನು ಮಾತ್ರ ಯಾರೂ ಪತ್ರಿಕೆಗೆ ಬರೆಯಲಿಲ್ಲ.

ಮುಚ್ಚಿದ್ದು ತಪ್ಪೇ ಎಂದು ಕೇಳುವಿರಾದರೆ, ಮೊದಲನೆಯ ತಿಂಗಳುಗಳಲ್ಲಿ ತಪ್ಪಲ್ಲವೆಂದೇ ಹೇಳುವೆನು. ರೋಗದ ಸ್ವಭಾವವು ಆಗ ತಿಳಿದಿರಲಿಲ್ಲ. ಮೂರು ತಲೆಮಾರಿನವರು ಒಂದೇ ಸೂರಿನಡಿ ವಾಸಿಸುವ ಮನೆಗಳಲ್ಲಿ, ಮಗುವಿಗೆ ನೆಗಡಿಯಂತೆ ಬಂದುಹೋದದ್ದು ಅಜ್ಜನ ಪ್ರಾಣವನ್ನು ತೆಗೆಯಬಹುದಾಗಿತ್ತು. ಆದರೆ ಸೋಂಕು ಹೆಚ್ಚಾಗಿ ಹರಡುವುದು ಗಾಳಿಯಾಡದ ಕೊಠಡಿಗಳಲ್ಲಿ, ತೆರೆದ ಬಯಲಿನಲ್ಲಿ ಅತಿ ಕಡಿಮೆ, ಎಂಬುದು ಆಮೇಲೆ ಸ್ಪಷ್ಟವಾಯಿತು. ಹಾಗಾದರೆ ಇಡೀ ಶಾಲೆಯಲ್ಲಿ ಎಲ್ಲಕ್ಕಿಂತಲೂ ಕ್ಷೇಮವಾದ ಕೊಠಡಿ ಯಾವುದು? ಗೋಡೆಯೂ ಮಾಡೂ ಇಲ್ಲದ ಆಟದ ಅಂಗಳವೇ. ನಾವು ಕೊನೆಯದಾಗಿ ತೆರೆದದ್ದೂ ಅದನ್ನೇ.

ಈ ಉಪಾಯವು ಹೊಸದೇನೂ ಆಗಿರಲಿಲ್ಲ. ಬರ್ಲಿನ್ ಪಟ್ಟಣದ ಹತ್ತಿರದ ಷಾರ್ಲಟೆನ್‌ಬುರ್ಗಿನಲ್ಲಿ 1904ರಲ್ಲಿಯೇ ದುರ್ಬಲರಾದ ಮಕ್ಕಳಿಗಾಗಿ ಕಾಡಿನೊಳಗೆ ಬಯಲುಶಾಲೆಯನ್ನು ತೆರೆದಿದ್ದರು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು 1901ರಿಂದ ಶಾಂತಿನಿಕೇತನದ ಮರಗಳ ಕೆಳಗೆ ಪಾಠ ಹೇಳಿಸಿದರು. ಡೆನ್ಮಾರ್ಕಿನವರು 2020ರ ಏಪ್ರಿಲ್ 15ರಂದು ಶಾಲೆಗಳನ್ನು ಪುನಃ ತೆರೆದಾಗ ಮೊದಲು ಕರೆದದ್ದು ಅತಿ ಚಿಕ್ಕ ಮಕ್ಕಳನ್ನು. ಎಷ್ಟೋ ಪಾಠಗಳನ್ನು ಅವರು ಬಯಲಿನಲ್ಲಿಯೇ ನಡೆಸಿದರು. 2021ರ ಜುಲೈ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಮುಖ್ಯಸ್ಥರೂ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯಬಹುದೆಂದರು. ನಮ್ಮಲ್ಲಿ ಕ್ರಮವು ತಲೆಕೆಳಗಾಯಿತು. ಪರೀಕ್ಷೆಯುಳ್ಳವರು ಮೊದಲು, ಆಡುವವರು ಕೊನೆಗೆ. 9ನೆಯ ಮತ್ತು ಅದಕ್ಕೆ ಮೇಲಿನ ತರಗತಿಗಳು 2021ರ ಆಗಸ್ಟ್ 23ರಂದು ಆರಂಭವಾದಾಗಲೂ, ಸೋಂಕು ನೂರಕ್ಕೆ 2ನ್ನು ಮೀರಿದೆಯೆಂಬ ಕಾರಣದಿಂದ ಕೊಡಗು ಸೇರಿದಂತೆ ಐದು ಜಿಲ್ಲೆಗಳನ್ನು ಬಿಡಲಾಯಿತು.

ನಮ್ಮ ನಾಡಿನಲ್ಲಿ ಬಯಲಿನ ಮಾತನ್ನಾಡುವಾಗ ಮಳೆಯನ್ನು ಮರೆಯುವಂತಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 120 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುತ್ತದೆ. ಕಕ್ಕಡ ಮಾಸದಲ್ಲಿ ಅಂಗಳಕ್ಕೆ ಇಳಿದವರು ಒದ್ದೆ ಮೈಯಲ್ಲಿ ಮನೆಗೆ ಹೋಗಬೇಕು. ಆದಕಾರಣ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಷ್ಟವನ್ನು ನಾನು ಯಾರ ಲೆಕ್ಕಕ್ಕೂ ಬರೆಯುವುದಿಲ್ಲ. ನನಗೆ ವ್ಯಥೆಯಾಗುವುದು 2020ರ ನವೆಂಬರಿನಿಂದ 2021ರ ಮಾರ್ಚಿಯವರೆಗಿನ ಒಣ ತಿಂಗಳುಗಳ ವಿಷಯವಾಗಿ. ಪುತ್ತರಿಯೂ ಬಂದುಹೋಯಿತು, ಆಕಾಶವು ತಿಳಿಯಾಗಿತ್ತು, ಸೋಂಕೂ ತಗ್ಗಿತ್ತು. ಹತ್ತು ಹತ್ತು ಮಂದಿಯಂತೆ ಚಿಕ್ಕ ಬಾಲಿಕೆಯರನ್ನು ಅಂಗಳಕ್ಕೆ ಕರೆದು, ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಆಡಿಸಬಹುದಾಗಿತ್ತು. ಹಾಗೆ ಅಪ್ಪಣೆ ಕೊಡಿರೆಂದು ಕೇಳಿದವರಾದರೂ ಯಾರು?

ನಾನಂತೂ ಕೇಳಲಿಲ್ಲ. ಇದನ್ನು ಮರೆಮಾಚುವುದು ನ್ಯಾಯವಲ್ಲ. ಫೋನಿನ ಪಾಠಗಳಿಗೆ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ವಾರಕ್ಕೆ ಎರಡು ವ್ಯಾಯಾಮದ ಅವಧಿಗಳಿದ್ದವು. ‘ಫೋನಿನಲ್ಲಿ ವ್ಯಾಯಾಮವೇ?’ ಎಂದು ನಗುತ್ತಾ ಅವೆರಡನ್ನೂ ಗಣಿತಕ್ಕೆ ಸೇರಿಸಿದವಳು ನಾನೇ. ಪೋಷಕರಾರೂ ಆಕ್ಷೇಪಿಸಲಿಲ್ಲ, ಒಬ್ಬರಿಬ್ಬರು ಮೆಚ್ಚಿಕೊಂಡರು. ‘ಈ ಹೊತ್ತು ಅರ್ಧ ಗಂಟೆ ಮಗಳನ್ನು ಅಂಗಳಕ್ಕೆ ಬಿಡಿರಿ, ಕೆಲಸ ಹೇಳಬೇಡಿರಿ’ ಎಂದು ತಾಯಂದಿರಿಗೆ ಬರೆದು ಕಳುಹಿಸಲು ಆ ಅವಧಿಯೇ ಸಾಕಾಗಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ಆಟವು ಮಗುವಿಗೆ ನಾವು ಕೊಡುವ ಬಹುಮಾನವಲ್ಲ, ಹಕ್ಕು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ಹಾಗೆ ಹೇಳುತ್ತದೆ. ನಮ್ಮ ದೇಶವು 1992ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಶಾಲೆಗೆ ಆಟದ ಬಯಲಿರಬೇಕೆಂದು 2009ರ ಶಿಕ್ಷಣದ ಹಕ್ಕಿನ ಕಾನೂನಿನಲ್ಲಿಯೂ ಇದೆ. ಜೆಕರ್ಯ ಪ್ರವಾದಿಯು ಪುನಃ ನೆಲೆಗೊಂಡ ಪಟ್ಟಣವನ್ನು ವರ್ಣಿಸುವಾಗ, ಕೋಲೂರಿ ಕುಳಿತ ಮುದುಕರನ್ನೂ ಬೀದಿಯಲ್ಲಿ ಆಡುವ ಹುಡುಗ ಹುಡುಗಿಯರನ್ನೂ ಒಟ್ಟಿಗೇ ಕಾಣಿಸಿದ್ದಾನೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಲ್ಲಿ ಹುಡುಗಿಯರೂ ಇದ್ದಾರೆ.

ಈಗಿನ 8ನೆಯ ತರಗತಿಯವರ ವಿಷಯಕ್ಕೆ ಬರುತ್ತೇನೆ. ಓದಿನಲ್ಲಿ ಅವರು ಬಹುಮಟ್ಟಿಗೆ ಚೇತರಿಸಿಕೊಂಡಿದ್ದಾರೆ. ರಾಜ್ಯದ ‘ಕಲಿಕಾ ಚೇತರಿಕೆ’ಯ ವರ್ಷವೂ ಅವರ ಕೆಳಗಿನ ತರಗತಿಗಳ ಉಪಾಧ್ಯಾಯಿನಿಯರ ಶ್ರಮವೂ ಅದಕ್ಕೆ ಕಾರಣ. ಆಟದ ಅವಧಿಯಲ್ಲಿ ಮಾತ್ರ ನಾನು ಬೇರೊಂದನ್ನು ಕಂಡೆನು. ಲಗೋರಿಗೆ ಬಿಟ್ಟರೆ ಐದು ನಿಮಿಷದೊಳಗೆ ಮೂವರು ಓಡಿಬಂದು, ‘ಟೀಚರ್, ಅವಳು ಔಟು, ಒಪ್ಪುತ್ತಿಲ್ಲ’ ಎನ್ನುತ್ತಾರೆ. ತೀರ್ಪು ಕೊಟ್ಟರೆ ಆಟ ನಡೆಯುತ್ತದೆ. ಕೊಡದಿದ್ದರೆ ಗೋಡೆಯ ಬದಿಗೆ ಹೋಗಿ ಕುಳಿತುಬಿಡುತ್ತಾರೆ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಕಾಲದಲ್ಲಿ ಇಂಥ ವ್ಯಾಜ್ಯಗಳು ಹಲಸಿನ ಮರದ ಬುಡದಲ್ಲಿಯೇ ಮುಗಿಯುತ್ತಿದ್ದವು. ಉಪಾಧ್ಯಾಯಿನಿಯರ ಕೊಠಡಿಯವರೆಗೆ ಬಂದದ್ದನ್ನು ನಾನು ಕಾಣೆ. ಇದೆಲ್ಲವೂ ಆ 19 ತಿಂಗಳಿನ ಫಲವೆಂದು ಸಾಧಿಸಲಾರೆನು. ಆದರೂ ಜುಲೈ ತಿಂಗಳಿನಿಂದ ಸೀಟಿಯನ್ನು ಮೇಜಿನ ಖಾನೆಯಲ್ಲಿಟ್ಟು, ದೂರದ ಮೆಟ್ಟಿಲಿನ ಮೇಲೆ ಕುಳಿತು ನೋಡುತ್ತಿದ್ದೇನೆ. ಮೊದಲ ವಾರಗಳಲ್ಲಿ ಅವಧಿಯ ಮುಕ್ಕಾಲು ಪಾಲು ಜಗಳದಲ್ಲಿಯೇ ಹೋಯಿತು. ಸೆಪ್ಟೆಂಬರಿನ ಹೊತ್ತಿಗೆ, ಸಂಶಯ ಬಂದರೆ ಆ ಸರದಿಯನ್ನು ಪುನಃ ಆಡುವುದೆಂಬ ಕಟ್ಟಳೆಯನ್ನು ಅವರೇ ಮಾಡಿಕೊಂಡರು.

ಮಳೆಯ ದಿನಗಳಲ್ಲಿ ಇಷ್ಟೂ ನಡೆಯದು. ಶಾಲೆಯ ಹಿಂಭಾಗದಲ್ಲಿ, ಹಲಸಿನ ಮರದಿಂದ ನೀರಿನ ತೊಟ್ಟಿಯವರೆಗೆ ಇರುವ ಸ್ಥಳವನ್ನು ವಿದ್ಯಾರ್ಥಿನಿಯರೇ ಹಗ್ಗ ಹಿಡಿದು ಅಳೆದರು. ಥ್ರೋಬಾಲ್ ಅಂಗಳಕ್ಕೆ 40 ಅಡಿ ಅಗಲ, 60 ಅಡಿ ಉದ್ದ ಬೇಕು. ಅಲ್ಲಿ ಅಗಲಕ್ಕೆ 46, ಉದ್ದಕ್ಕೆ 71 ಇದೆ. ನಾಲ್ಕು ಕಡೆಯೂ ಗಾಳಿಗೆ ತೆರೆದಿದ್ದು, ಮೇಲೆ ತಗಡಿನ ಮಾಡು ಮಾತ್ರ ಇದ್ದರೆ ಸಾಕೆಂದು ಅವರ ಅಭಿಪ್ರಾಯ. ಅಳತೆಯ ಚೀಟಿಯು ನನ್ನಲ್ಲಿದೆ.