ದೂರದರ್ಶನದ ಅಡಿಗೆಯೂ ಮನೆಯ ಅತಿಥಿಸತ್ಕಾರವೂ

ಜೆ.ಪಿ. ನಗರದ ಮನೆಗಳಿಂದ ಬರುವ ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಪಾಕಶಾಸ್ತ್ರದ ಪ್ರಥಮ ಪಾಠಗಳನ್ನು ತಾಯಿಯ ಒಲೆಯ ಬಳಿಯಲ್ಲಿ ಮಾತ್ರವಲ್ಲದೆ ದೂರದರ್ಶನದ ಮುಂದೆಯೂ ಕಲಿಯುತ್ತಿರುವರು. ಇದು ನಿಂದಿಸತಕ್ಕ ವಿಷಯವಲ್ಲ. 1946ರಲ್ಲಿ, ಇಂಗ್ಲೆಂಡಿನ ಜನರಿಗೆ ಆಹಾರಪದಾರ್ಥಗಳು ಪಡಿತರದ ಅಳತೆಯಲ್ಲಿ ದೊರೆಯುತ್ತಿದ್ದ ಕಷ್ಟಕಾಲದಲ್ಲಿಯೇ, ಫಿಲಿಪ್ ಹಾರ್ಬೆನ್ ಎಂಬವರು ಬಿಬಿಸಿಯಲ್ಲಿ ಇಂತಹ ಪಾಠಗಳನ್ನು ತೋರಿಸತೊಡಗಿದರು. ನಮ್ಮ ದೇಶದಲ್ಲಿ 1993ರಿಂದ 'ಖಾನಾ ಖಜಾನಾ'ದ ಮೂಲಕ ಸಂಜೀವ್ ಕಪೂರರು ಮನೆಮನೆಗೂ ಪರಿಚಿತರಾದರು. ಕನ್ನಡದಲ್ಲಿ ನಟರಾದ ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ'ವನ್ನೂ ಮುರಳಿಯವರ 'ಒಗ್ಗರಣೆ ಡಬ್ಬಿ'ಯನ್ನೂ ಅರಿಯದವರು ವಿರಳ. ಅತಿಥಿಗಳು ಬಂದಾಗ ಗಾಬರಿಪಡದೆ ನಗುಮುಖದಿಂದ ಬಡಿಸಬಹುದೆಂಬ ಧೈರ್ಯವನ್ನು ಇಂತಹ ಕಾರ್ಯಕ್ರಮಗಳು ಕೊಡುವುವು. ಅದು ಸಣ್ಣ ಉಪಕಾರವಲ್ಲ.

ಆದರೆ ನೋಡುವ ಬಾಲಕಿಯು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಮೇಜಿನ ಮೇಲಿನ ಬಟ್ಟಲುಗಳನ್ನು ತುಂಬಿಸಿದವರು ಯಾರು? ಹಿತಕಿದ ಬೇಳೆಯ ಸಾರನ್ನೇ ತೆಗೆದುಕೊಳ್ಳೋಣ. ದೂರದರ್ಶನದಲ್ಲಿ ಬೇಳೆಯು ಬಟ್ಟಲಿನಲ್ಲಿ ಸಿದ್ಧವಾಗಿ ಕುಳಿತಿರುವುದು. ಕೆಲವೇ ನಿಮಿಷಗಳಲ್ಲಿ ಸಾರು ಮುಗಿಯುವುದು. ಮನೆಯಲ್ಲಾದರೋ ಚಳಿಗಾಲದ ಸೊಗಡಿನ ಅವರೆಕಾಯನ್ನು ಸಾರಕ್ಕಿ ಮಾರುಕಟ್ಟೆಯಿಂದ ತಂದು, ಸುಲಿದು, ಕಾಳನ್ನು ರಾತ್ರಿಯೆಲ್ಲ ನೆನೆಯಿಸಿ, ಬೆಳಿಗ್ಗೆ ಒಂದೊಂದನ್ನೇ ಬೆರಳುಗಳ ನಡುವೆ ಹಿತುಕಿ ಸಿಪ್ಪೆಯಿಂದ ಬೇರ್ಪಡಿಸಬೇಕು. ಸುಲಭವೆಂದು ತೋರುವ ಆ ಸಾರಿನ ಹಿಂದೆ ಹಿಂದಿನ ದಿನದ ಸಂಜೆಯೆಲ್ಲ ಅಡಗಿರುವುದು. (ಅಡಿಗೆ ಮುಗಿದ ಮೇಲೆ ಪಾತ್ರೆಗಳನ್ನು ಉಜ್ಜುವುದನ್ನು ತೋರಿಸುವ ಕಾರ್ಯಕ್ರಮವನ್ನು ನಾವು ಈವರೆಗೆ ಕಂಡಿಲ್ಲ.)

ಹೀಗಿರಲು, ಸತ್ಕಾರವನ್ನು ಹಗುರಮಾಡಿಕೊಳ್ಳುವ ಉಪಾಯವು ಕೈಚಳಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಯಾವ ಕೆಲಸವನ್ನು ಮುಂದಾಗಿ ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ತಿಳಿವಳಿಕೆಯಲ್ಲಿ ಇರುವುದು. ಉಪ್ಪಿಟ್ಟಿನ ರವೆಯನ್ನು ಹಿಂದಿನ ದಿನವೇ ಹುರಿದಿಡಬಹುದು. ಕೋಸಂಬರಿಗೆ ಹೆಸರುಬೇಳೆಯನ್ನು ನೆನೆಯಿಸಿ ಬಸಿದಿಡಬಹುದು; ಆದರೆ ಉಪ್ಪನ್ನು ಬಡಿಸುವ ಮೊದಲು ಮಾತ್ರ ಹಾಕತಕ್ಕದ್ದು, ಏಕೆಂದರೆ ಉಪ್ಪು ಸೌತೆಕಾಯಿಯೊಳಗಿನ ನೀರನ್ನು ಹೊರಗೆಳೆದು ಬಟ್ಟಲನ್ನು ಕೆರೆಯನ್ನಾಗಿ ಮಾಡುವುದು. ಬಿಸಿಬೇಳೆಬಾತು ಇಟ್ಟಷ್ಟೂ ನೀರನ್ನು ಹೀರಿ ಗಟ್ಟಿಯಾಗುವುದರಿಂದ ಅದನ್ನು ಸ್ವಲ್ಪ ತೆಳುವಾಗಿಯೇ ಇಳಿಸಿ, ಪಕ್ಕದಲ್ಲಿ ಬಿಸಿನೀರನ್ನು ಇಟ್ಟುಕೊಳ್ಳಬೇಕು. ಅನ್ನದ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಕುದಿಯುವ ನೀರಿನಲ್ಲಿಯೂ ಉಳಿಯಬಲ್ಲವು. ಅನ್ನವನ್ನು ಬಹಳ ಹೊತ್ತು ಉಗುರುಬೆಚ್ಚಗೆ ಹೊರಗಿಟ್ಟರೆ ಅವು ವೃದ್ಧಿಹೊಂದಿ, ವಾಂತಿಯನ್ನುಂಟುಮಾಡುವ ವಿಷವನ್ನು ಉತ್ಪತ್ತಿಮಾಡುವುವು. ಆ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗದು. ಆದುದರಿಂದ ಚಿತ್ರಾನ್ನಕ್ಕೆ ಒಗ್ಗರಣೆಯ ಸಾಮಗ್ರಿಗಳನ್ನು ಮೊದಲೇ ಹೊಂದಿಸಿಟ್ಟರೂ, ಅನ್ನವನ್ನು ಅದೇ ದಿನ ಮಾಡಿ, ಅಗಲವಾದ ತಟ್ಟೆಯಲ್ಲಿ ಹರಡಿ ಬೇಗನೆ ಆರಿಸಿ, ತಡಮಾಡದೆ ಬಡಿಸಬೇಕು.

ಇನ್ನೊಂದು ಮಾತು. ಮೇಲೆ ಹೆಸರಿಸಿದ ಪಾಕಪ್ರವೀಣರೆಲ್ಲರೂ ಗಂಡಸರೇ! ಆದರೆ 2019ರಲ್ಲಿ ಭಾರತ ಸರ್ಕಾರವು ನಡೆಸಿದ ಸಮಯದ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ತೊಡಗಿದ ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ಕಳೆಯುತ್ತಿದ್ದರೆಂದು ಕಂಡುಬಂದಿತು. ದೂರದರ್ಶನದಲ್ಲಿ ಸೌಟು ಹಿಡಿದರೆ ಕಲೆಯೆನಿಸುವ ಕೆಲಸವು ಮನೆಯಲ್ಲಿ ಹೆಣ್ಣುಮಗಳ ಪಾಲಿನದೇ ಏಕಾಗಬೇಕೆಂದು ನಮ್ಮ ವಿದ್ಯಾರ್ಥಿನಿಯು ವಿನಯದಿಂದಲೇ ಕೇಳಬಹುದು. ನೆಂಟರು ಬರುವ ದಿನ ಪರೀಕ್ಷೆಯ ಪುಸ್ತಕವನ್ನು ಮುಚ್ಚಿಡುವವಳು ಅವಳೇ ಆಗಿದ್ದರೆ, ಆ ಮನೆಯ ಸತ್ಕಾರವು ಸುಲಭವಾಯಿತೆಂದು ನಾವು ಒಪ್ಪಲಾರೆವು. ಅವರೆಕಾಯನ್ನು ಸುಲಿಯಲು ಅಣ್ಣನ ಬೆರಳುಗಳೂ ಸಮರ್ಥವಾಗಿಯೇ ಇರುವುವು.

ಬಾಲಕಿಯರೇ, ಅಭ್ಯಾಸಕ್ಕಾಗಿ ಇಷ್ಟನ್ನು ಮಾಡಿರಿ. ಇಂತಹ ಯಾವುದಾದರೊಂದು ಕಾರ್ಯಕ್ರಮವನ್ನು ಆದ್ಯಂತವಾಗಿ ನೋಡಿ, ಸಿದ್ಧವಾಗಿ ಬಂದ ಬಟ್ಟಲುಗಳನ್ನೆಲ್ಲ ಎಣಿಸಿ ಬರೆದುಕೊಳ್ಳಿರಿ. ಪ್ರತಿಯೊಂದರ ಎದುರಿಗೆ, ಅದನ್ನು ಸಿದ್ಧಪಡಿಸಲು ನಿಮ್ಮ ಮನೆಯಲ್ಲಿ ಎಷ್ಟು ನಿಮಿಷಗಳು ಬೇಕೆಂಬುದನ್ನೂ, ಆ ಕೆಲಸವನ್ನು ಯಾರು ಮಾಡುವರೆಂಬುದನ್ನೂ ನಮೂದಿಸಿರಿ. ಆ ಪಟ್ಟಿಯನ್ನು ತಂದೆತಾಯಿಗಳ ಮುಂದೆ ಓದಿ, ಮುಂದಿನ ಸಲ ಅತಿಥಿಗಳು ಬರುವ ಮೊದಲು ಮನೆಯವರೆಲ್ಲರ ಹೆಸರುಗಳೂ ಅದರಲ್ಲಿ ಬರುವಂತೆ ಮತ್ತೊಮ್ಮೆ ಬರೆಯಿರಿ.