ಕೋವಿಯನ್ನು ನಂಬಿ ಯಾರ ಕೈಗೆ ಕೊಡಬಹುದು?



ಸಾಮಾನ್ಯ ಜನರ ಹತ್ತಿರ ಕೋವಿ ಇರಬಹುದೇ? ನಮ್ಮ ಕೊಡಗಿನಲ್ಲಿ ಇದನ್ನು ಕೇಳಿದರೆ ಹಿರಿಯರು ನಗುತ್ತಾರೆ. ಇಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಇಟ್ಟು ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ಕಾನೂನು ಏನು ಹೇಳುತ್ತದೆ?
ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. 21 ವರ್ಷ ತುಂಬಿರಬೇಕು, ಪೊಲೀಸರು ವಿಚಾರಿಸಿ ವರದಿ ಕೊಡಬೇಕು. ಆದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಇದು 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದದ್ದು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ಮುಂದುವರಿಸಿತು. ಇದು ಸರಿಯಲ್ಲವೆಂದು ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ನಮ್ಮ ಮನೆಯಲ್ಲಿ ನಡೆದದ್ದು
ನಮಗೆ ಜಮ್ಮಾ ಜಾಗ ಇಲ್ಲ. ಬೆಳೆ ಕಾಯಲು ಅಪ್ಪ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಕೋವಿ ಇಟ್ಟಿದ್ದಾರೆ. ಕಳೆದ ವರ್ಷ ಭತ್ತದ ಗದ್ದೆಗೆ ಹಂದಿ ಬರ್ತಿತ್ತು. ಹೆದರಿಸಿ ಓಡಿಸಲು ಅಪ್ಪ ರಾತ್ರಿಯೆಲ್ಲ ಕಾವಲಿದ್ದರು. ಬೆಳಿಗ್ಗೆ ಸುಸ್ತಾಗಿ ಬಂದು ಕೋವಿಯನ್ನು ಗೋಡೆಗೆ ಒರಗಿಸಿ ಕಾಫಿ ಕುಡಿಯಲು ಕೂತರು. ಐದು ವರ್ಷದ ನನ್ನ ತಮ್ಮ ಅದನ್ನು ಎಳೆದು ನನ್ನ ಕಡೆ ತಿರುಗಿಸಿ "ಡಿಶುಂ" ಅಂದ! ಅಜ್ಜಿ ಓಡಿ ಬಂದು ಕಿತ್ತುಕೊಂಡರು. ಅಪ್ಪ ನಳಿಗೆ ಮಡಚಿ ನೋಡಿದರೆ ಒಳಗೆ ತೋಟೆ ಹಾಗೇ ಇತ್ತು. ಆ ದಿನ ಅಪ್ಪ ಊಟ ಮಾಡಲಿಲ್ಲ.

ನಮ್ಮಪ್ಪ ಕುಡಿಯುವವರಲ್ಲ, ಜಗಳಗಂಟರೂ ಅಲ್ಲ. ಕಾಗದ ಪತ್ರ ಎಲ್ಲ ಸರಿ ಇತ್ತು. ಆದರೂ ಒಂದು ಗಳಿಗೆಯ ಮರೆವು ಸಾಕಾಯ್ತು. ಸರ್ಕಾರ ಮನುಷ್ಯನನ್ನು ನಂಬಿ ಕಾಗದ ಕೊಡಬಹುದು. ಅವನ ಮರೆವನ್ನು ಕಾಯುವವರು ಯಾರು?

ನಾವು ಕಲಿಯಬೇಕಾದದ್ದು
1. ಮನೆಯೊಳಗೆ ಬರುವ ಮೊದಲೇ ತೋಟೆ ತೆಗೆಯಬೇಕು.
2. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ. ಎರಡಕ್ಕೂ ಬೀಗ.
3. ಖಾಲಿ ಕೋವಿಯನ್ನೂ ಯಾರ ಕಡೆಗೂ ತಿರುಗಿಸಬಾರದು.
4. ಕುಡಿದಾಗ, ಸಿಟ್ಟಿದ್ದಾಗ ಕೋವಿ ಮುಟ್ಟಬಾರದು.

ನನ್ನ ಅಭಿಪ್ರಾಯ ಇಷ್ಟೇ: ಬೆಳೆ ಕಾಯುವ ರೈತನನ್ನು ನಂಬಬೇಕು. ಆದರೆ ಜಾತಿ ನೋಡಿಯೂ ಅಲ್ಲ, ಬರೀ ಲೈಸೆನ್ಸ್ ನೋಡಿಯೂ ಅಲ್ಲ. ಅವನ ಮನೆಯ ಶಿಸ್ತು ನೋಡಿ. ನಮ್ಮ ಮನೆಯಲ್ಲಿ ಈಗ ಬೀಗದ ಕೈ ಅಜ್ಜಿಯ ಸೊಂಟದಲ್ಲಿದೆ. ನಿಮ್ಮ ಮನೆಯಲ್ಲಿ ಕೋವಿ ಇದ್ದರೆ ಇವತ್ತು ಸಂಜೆಯೇ ಕೇಳಿ: ಬೀಗ ಎಲ್ಲಿ?