ಅಲಾರಂ ಕೂಗುವ ರಾತ್ರಿಗೆ ಕ್ಯಾಬಿನ್ ಹಂಚು

ಮರಿ, ಹಡಗಿನ ಪ್ರವಾಸದ ಟಿಕೆಟ್ಟಿಗೆ ದುಡ್ಡು ಕಟ್ಟುವ ಮುಂಚೆಯೇ ವಾಟ್ಸಾಪ್ ಗುಂಪು ಕಟ್ಟಿ, ಅದಕ್ಕೆ ಹಡಗಿನ ಚಿತ್ರ ಅಂಟಿಸಿ ನಮ್ಮನ್ನೆಲ್ಲ ಒಳಗೆ ಎಳೆದುಕೊಂಡೆಯಲ್ಲ, ಆ ಹುರುಪು ಮೆಚ್ಚಿದೆ. ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ, ಮೂರು ಕಡೆಯ ನೆಂಟರನ್ನು ಒಂದು ಮಾತಿಗೆ ತಂದಿದ್ದೀಯ. ಒಬ್ಬರು ಬಂದ ಮದುವೆಗೆ ಇನ್ನೊಬ್ಬರು ಬರದ ಜನ ಇವರು! ಆದರೆ ಆಮೇಲೆ ನೀನು ಕಳಿಸಿದ ಕ್ಯಾಬಿನ್ ಪಟ್ಟಿ ನೋಡಿದೆ. ಅಲ್ಲಿ ನಿನ್ನ ಆತುರ ಬಯಲಾಯಿತು. ಹುಡುಗರೆಲ್ಲ ಒಂದು ಸಾಲು, ವಯಸ್ಸಾದವರೆಲ್ಲ ಇನ್ನೊಂದು ಸಾಲು, ಹೆಂಗಸರು ಮಕ್ಕಳು ಮತ್ತೊಂದು ಕಡೆ ಅಂತ ಗೀಟು ಎಳೆದು ಕೈತೊಳೆದುಕೊಂಡಿದ್ದೀಯ, ಮದುವೆ ಛತ್ರದಲ್ಲಿ ರೂಮು ಹಂಚಿದ ಹಾಗೆ. ಛತ್ರದಲ್ಲಿ ನಡುರಾತ್ರಿ ಏನಾದರೂ ಆದರೆ ಎಲ್ಲರೂ ಬೀದಿಗೆ ಬಂದು ನಿಲ್ಲಬಹುದು. ಹಡಗಿಗೆ ಬೀದಿ ಇಲ್ಲ.

2022ರ ಜೂನ್‌ನಲ್ಲಿ ಚೆನ್ನೈ ಬಂದರಿನಿಂದ ಕಾರ್ಡೇಲಿಯಾ ಕಂಪನಿಯವರ ಎಂಪ್ರೆಸ್ ಹಡಗು ಹೊರಡತೊಡಗಿತು. ಮರುವರ್ಷದ ಜೂನ್‌ಗೆ ಶ್ರೀಲಂಕಾಕ್ಕೂ ಹೋಯಿತು. ಅಲ್ಲಿಂದ ಈಚೆಗೆ ನಮ್ಮ ಕಡೆಯವರಿಗೂ ಹಡಗಿನ ಗೀಳು ಹತ್ತಿದೆ. ಹತ್ತಲಿ, ತಪ್ಪೇನಿಲ್ಲ. 11 ಅಂತಸ್ತು, 800ರ ಹತ್ತಿರ ಕ್ಯಾಬಿನ್ನು, 1990ರಿಂದ ನೀರಿನ ಮೇಲಿರುವ ಹಡಗು ಅದು. ವಯಸ್ಸಿನಲ್ಲಿ ನಿನಗಿಂತ ಹಿರಿಯದು, ಮರ್ಯಾದೆಯಿಂದ ಹತ್ತು.

ನಾವು ಒಳನಾಡಿನ ಜನ ಅನ್ನುವುದನ್ನು ಮಾತ್ರ ಮರೆಯಬೇಡ. ಕೆಲವರಪಳ್ಳಿ ಅಣೆಕಟ್ಟಿನ ಹಿನ್ನೀರು, ಕೃಷ್ಣಗಿರಿ ಡ್ಯಾಮು, ಯಾವಾಗಲೋ ಒಮ್ಮೆ ಹೊಗೇನಕಲ್ಲಿನ ತೆಪ್ಪ, ಅಲ್ಲಿಗೆ ಮುಗಿಯಿತು ನಮ್ಮ ಜಲಜ್ಞಾನ. ಆ ತೆಪ್ಪದಲ್ಲೂ ಕೊಟ್ಟ ಲೈಫ್ ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಫೋಟೊ ತೆಗೆಯುವಾಗ ಮಾತ್ರ ಕೊರಳಿಗೇರಿಸುವವರು ನಾವು. ಕಾರವಾರದ ಬಳಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದೇವರ ದರ್ಶನ ಮಾಡಿ ಬರುತ್ತಿದ್ದ ಸಂಸಾರಗಳು. ‘ಅಜ್ಜ, ಅದು ಸಣ್ಣ ದೋಣಿ, ಇದು ತೇಲುವ ಹೋಟೆಲ್ಲು’ ಅಂತ ನೀನು ಬಾಯಿ ತೆರೆಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಒಪ್ಪಿದೆ. ದೊಡ್ಡ ಹಡಗು ಹಾಗೆಲ್ಲ ಮಗುಚುವುದಿಲ್ಲ. ಆದರೆ ಹಡಗು ದೊಡ್ಡದಾದಷ್ಟೂ ಅದರೊಳಗೆ ದಾರಿ ತಪ್ಪುವುದು ಸುಲಭ.

ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಜೀವ ತೇಯ್ದವನು ನಾನು. ಫೈರ್ ಡ್ರಿಲ್ ಅಂದರೆ ಹೊಸ ಹುಡುಗರಿಗೆ ಪುಕ್ಕಟೆ ಸಿಕ್ಕ ಟೀ ಬಿಡುವು. ಸೈರನ್ ಕೂಗಿದರೆ ಹರಟುತ್ತ, ನಗುತ್ತ ಗೇಟಿನ ಪಕ್ಕದ ಅಸೆಂಬ್ಲಿ ಪಾಯಿಂಟಿಗೆ ಬರುತ್ತಿದ್ದರು. ಸೂಪರ್‌ವೈಸರ್ ತಲೆ ಎಣಿಸುತ್ತಿದ್ದ. ಪ್ರತಿ ಸಲವೂ ಒಂದೆರಡು ತಲೆ ಕಡಿಮೆ. ಎಲ್ಲಿ ಹೋದರು ಅಂದರೆ, ಒಬ್ಬ ಲಾಕರಿನಲ್ಲಿಟ್ಟ ಬುತ್ತಿ ತರಲು ಹೋಗಿರುತ್ತಿದ್ದ, ಇನ್ನೊಬ್ಬ ಅವನನ್ನು ಹುಡುಕಲು ಹೋಗಿರುತ್ತಿದ್ದ. ವರ್ಷಗಟ್ಟಲೆ ಇದನ್ನೇ ನೋಡಿದ ಮೇಲೆ ನನಗೆ ತಿಳಿದದ್ದು ಇಷ್ಟು: ಸೈರನ್ ಕೇಳಿದ ಮನುಷ್ಯ ಬಾಗಿಲು ಹುಡುಕುವುದಿಲ್ಲ, ಮೊದಲು ತನ್ನವರನ್ನು ಹುಡುಕುತ್ತಾನೆ. ಬುದ್ಧಿವಂತ, ಪೆದ್ದ ಎಲ್ಲರೂ ಅಷ್ಟೇ. ಮಗು ಒಂಬತ್ತನೇ ಅಂತಸ್ತಿನಲ್ಲಿ, ತಾಯಿ ನಾಲ್ಕನೆಯದರಲ್ಲಿ ಇದ್ದರೆ, ನೀನು ಎಷ್ಟೇ ಬೋರ್ಡು ಹಾಕು, ತಾಯಿ ಒಂಬತ್ತಕ್ಕೇ ಓಡುತ್ತಾಳೆ. ಜನ ಕೆಳಗಿಳಿಯುವ ಮೆಟ್ಟಿಲಲ್ಲಿ ಇವಳು ಎದುರು ಹತ್ತುತ್ತಿರುತ್ತಾಳೆ.

ಅದಕ್ಕೇ ನಿನ್ನ ಪಟ್ಟಿ ಹರಿದುಹಾಕು ಅನ್ನುತ್ತಿರುವುದು. ರಾತ್ರಿ ಎರಡು ಗಂಟೆಗೆ ಅಲಾರಂ ಕೂಗಿದರೆ ಯಾರು ಯಾರನ್ನು ಎಬ್ಬಿಸುತ್ತಾರೆ ಎಂದು ಕೇಳಿಕೊಂಡು ಹೊಸದಾಗಿ ಬರೆ. ನಿಮ್ಮ ದೊಡ್ಡಪ್ಪ ಮಲಗುವಾಗ ಕಿವಿಯ ಮೆಷಿನ್ ತೆಗೆದಿಡುತ್ತಾರೆ, ಮೃದಂಗ ಬಾರಿಸಿದರೂ ಏಳುವುದಿಲ್ಲ. ಅವರ ಜೊತೆ ಇನ್ನೊಬ್ಬ ಕಿವುಡರನ್ನು ಹಾಕಿದ್ದೀಯ, ಇಬ್ಬರಿಗೂ ಹೊಂದುತ್ತದೆ ಅಂತ! ಸೋದರತ್ತೆ ನಿದ್ದೆ ಮಾತ್ರೆ ತಗೊಳ್ಳುತ್ತಾರೆ. ನಿಮ್ಮಜ್ಜಿಗೆ ಮಂಡಿ ನೋವು. ಇವರಲ್ಲಿ ಒಬ್ಬೊಬ್ಬರ ಪಕ್ಕಕ್ಕೂ ನಿದ್ದೆ ತಿಳಿಯಾದ, ಕಾಲು ಗಟ್ಟಿಯಾದ ಒಂದು ಜೀವ ಬೇಕು. ಒಂದೇ ಕ್ಯಾಬಿನ್ ಆಗದಿದ್ದರೆ ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್ ಕೇಳು. ಏಜೆಂಟ್ ‘ಪಕ್ಕಪಕ್ಕ ಕೊಡುತ್ತೇನೆ ಸಾರ್’ ಅಂದರೆ ತಲೆಯಾಡಿಸಿ ಬರಬೇಡ. ಪಕ್ಕಪಕ್ಕ ಇರುವುದೇ ಬೇರೆ, ನಡುವೆ ಬಾಗಿಲಿರುವುದೇ ಬೇರೆ. ನಂಬರು ಬರೆದುಕೊಡಲಿ. ಕಡಿಮೆ ದರದ ಟಿಕೆಟ್ಟಿನಲ್ಲಿ ಕ್ಯಾಬಿನ್ ನಂಬರು ಆಮೇಲೆ ಗೊತ್ತಾಗುವುದೂ ಉಂಟು. ಒಂಟಿ ಹುಡುಗರಿಗೆ ಅದು ಸಾಕು, ಸಂಸಾರಸ್ಥರಿಗೆ ಬೇಡ.

ಇನ್ನೊಂದು ಸಂಗತಿ ನಮ್ಮ ಗಡಿ ಸೀಮೆಯವರಿಗಷ್ಟೇ ಹೊಳೆಯುವಂಥದ್ದು. ನಮ್ಮ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಸಾಲ ಕೇಳುವಾಗ ತೆಲುಗು. ಮೂರು ಭಾಷೆ ಬಲ್ಲವರು ಅಂತ ಬೀಗುತ್ತೇವೆ. ನಾನು ಹೋದ ಹಡಗಿನ ಸ್ಪೀಕರಿನಲ್ಲಿ ಬಂದದ್ದು ಇಂಗ್ಲಿಷು, ಹಿಂದಿ. ನಿಮ್ಮಜ್ಜಿ ‘ಊಟಕ್ಕೆ ಕರೀತಿದಾರಾ?’ ಅಂತ ಪ್ರತಿ ಸಲವೂ ಕೇಳಿದಳು. ಆದ್ದರಿಂದ ಕ್ಯಾಬಿನ್ನಿಗೆ ಒಬ್ಬರಾದರೂ ಇಂಗ್ಲಿಷೋ ಹಿಂದಿಯೋ ತಿಳಿದವರಿರಲಿ. ಅಲಾರಮ್ಮಿಗೆ ಮಾತ್ರ ಯಾವ ಭಾಷೆಯೂ ಬೇಡ: ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು. ಲೋಕದ ಹಡಗುಗಳಿಗೆಲ್ಲ ಒಂದೇ. ಹೊರಡುವ ಮುಂಚೆ ಊಟದ ಮೇಜಿನ ಮೇಲೆ ಬಡಿದು ಮಕ್ಕಳಿಗೂ ಅಜ್ಜಿಗೂ ಕಲಿಸು. ಮಕ್ಕಳು ಒಂದೇ ಸಲಕ್ಕೆ ಕಲಿಯುತ್ತಾರೆ, ಆಮೇಲೆ ವಾರವಿಡೀ ಬಡಿದು ತಲೆ ತಿನ್ನುತ್ತಾರೆ. ಸಹಿಸಿಕೋ.

ಬಾಲ್ಕನಿ ಕ್ಯಾಬಿನ್ ಯಾರಿಗೆ ಎಂಬ ಜಗಳಕ್ಕೆ ಬರೋಣ. ಹಿರಿಯರಿಗೆ ಬಾಲ್ಕನಿ ಕೊಟ್ಟರೆ ಮರ್ಯಾದೆ ಅಂದುಕೊಂಡಿದ್ದೀಯ. ಬಾಲ್ಕನಿ ಸಿಗುವುದು ಹೆಚ್ಚಾಗಿ ಮೇಲೆ. ಮೇಲಿನ ಅಂತಸ್ತು, ಹಡಗಿನ ತುದಿ, ಅಲ್ಲೇ ತೂಗಾಟ ಹೆಚ್ಚು. ಅಲಾರಂ ಕೂಗಿದಾಗ ಲಿಫ್ಟ್ ಹತ್ತಬಾರದು, ಮೆಟ್ಟಿಲೇ ಗತಿ. ಮಂಡಿ ನೋವಿನವರಿಗೆ ಹಡಗಿನ ನಡುಭಾಗದಲ್ಲಿ, ಮೆಟ್ಟಿಲಿಗೆ ಹತ್ತಿರ, ಅಲಾರಂ ಆದಾಗ ಎಲ್ಲರೂ ಒಟ್ಟುಸೇರುವ ಜಾಗಕ್ಕೆ ಒಂದೆರಡು ಅಂತಸ್ತಿನೊಳಗೆ ಕೊಡು. ಕಿಟಕಿ ಸಿಕ್ಕರೆ ಸಿಗಲಿ. ಹಗಲೆಲ್ಲ ಹೇಗೂ ಮೇಲಿನ ಡೆಕ್ಕಿನಲ್ಲಿ ಕಾಫಿ ಹೀರುತ್ತ ಕೂತಿರುತ್ತಾರೆ. ಇನ್ನು ನಾಲ್ಕು ಜನರನ್ನು ಒಂದೇ ಕ್ಯಾಬಿನ್ನಿಗೆ ತುಂಬಿದರೆ ತಲೆಗೆ ಖರ್ಚು ಇಳಿಯುತ್ತದೆ ಎಂಬ ನಿನ್ನ ಲೆಕ್ಕ ಸರಿ. ಆದರೆ ಮೂರನೆಯ, ನಾಲ್ಕನೆಯ ಹಾಸಿಗೆ ಗೋಡೆಯಿಂದ ಇಳಿಸುವ ಮೇಲಿನ ಬರ್ತು, ಏಣಿ ಹತ್ತಬೇಕು. ಅಲ್ಲಿಗೆ ಹದಿಹರೆಯದವರನ್ನೇ ಹಾಕು. ಮರೆಯಬಾರದ್ದು ಇನ್ನೊಂದಿದೆ: ಬಚ್ಚಲಿನ ಹೊಸ್ತಿಲು. ನೀರು ಹೊರಗೆ ಬರದಿರಲಿ ಅಂತ ಅದನ್ನು ಎತ್ತರಿಸಿರುತ್ತಾರೆ. ನೆಲ ತೂಗುವಾಗ, ಕತ್ತಲಲ್ಲಿ, ವಯಸ್ಸಾದವರು ಎಡವುವುದು ಅಲ್ಲೇ. ಸಮುದ್ರಕ್ಕೆ ಹೆದರುವವರು ಈ ಹೊಸ್ತಿಲಿಗೆ ಹೆದರುವುದಿಲ್ಲ, ನೋಡು. ರಾತ್ರಿ ಬಚ್ಚಲ ದೀಪ ಆರಿಸಬೇಡಿ ಅಂತ ಹೇಳಿಡು.

ಹಡಗಿನ ಸುರಕ್ಷತಾ ಡ್ರಿಲ್ ವಿಷಯಕ್ಕೆ ನಿನ್ನ ಮುಖ ಸಿಂಡರಿಸುತ್ತದೆ ಎಂದು ಗೊತ್ತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಹಲವು ದೇಶಗಳು ಕೂತು ಹಡಗಿನ ಸುರಕ್ಷತೆಗೆ ಒಪ್ಪಂದ ಮಾಡಿಕೊಂಡವು. ಸಿನಿಮಾ ನೋಡಿದ್ದೀಯ, ಬಿಡು. ನೀನು ತಿಳಿಯಬೇಕಾದದ್ದು ಕೋಸ್ಟಾ ಕಾನ್‌ಕಾರ್ಡಿಯಾ ಎಂಬ ಹಡಗಿನ ಕತೆ. 2012ರ ಜನವರಿ 13ರ ರಾತ್ರಿ, ಊಟದ ಹೊತ್ತು, ಇಟಲಿಯ ದಡದ ಹತ್ತಿರ ಬಂಡೆಗೆ ಉಜ್ಜಿಕೊಂಡಿತು. ಒಳಗೆ 4,200ಕ್ಕೂ ಹೆಚ್ಚು ಜನ. ಆ ಸಂಜೆಯಷ್ಟೇ ಹತ್ತಿದ ನೂರಾರು ಮಂದಿಗೆ ಡ್ರಿಲ್ ಆಗಿರಲೇ ಇಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಎಂದಿತ್ತು ಆಗಿನ ನಿಯಮ. 32 ಜನ ಸತ್ತರು. ಅವರಲ್ಲೊಬ್ಬ ನಮ್ಮ ದೇಶದವನೇ, ಮುಂಬೈ ಕಡೆಯ ರಸೆಲ್ ರೆಬೆಲ್ಲೊ, ಹಡಗಿನ ವೇಟರ್. ಪ್ರಯಾಣಿಕರನ್ನು ದೋಣಿ ಹತ್ತಿಸುತ್ತಿದ್ದವನು ತಾನು ಹತ್ತಲಿಲ್ಲ. ಅವನ ದೇಹ ಸಿಕ್ಕಿದ್ದು 2014ರ ನವೆಂಬರಿನಲ್ಲಿ, ಎಲ್ಲರಿಗಿಂತ ಕೊನೆಗೆ. ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು ಎಂಬ ನಿಯಮ 2015ರ ಜನವರಿಯಿಂದ ಬಂತು. ಡ್ರಿಲ್ಲಿಗೆ ಕರೆಯುವ ಹುಡುಗ ಸಾಮಾನ್ಯವಾಗಿ ಊಟ ಬಡಿಸುವವನೋ ಹಾಸಿಗೆ ಹಾಸುವವನೋ ಆಗಿರುತ್ತಾನೆ. ಅವನ ಹಿಂದೆ ನಿಂತು ಗೇಲಿ ಮಾಡಬೇಡ. ಆ ರಾತ್ರಿ ಬಂದರೆ ನಿಮ್ಮಜ್ಜಿಯ ಕೈ ಹಿಡಿಯುವವನು ಅವನೇ.

ನಮ್ಮ ಷಡ್ಡಕರೊಬ್ಬರಿದ್ದಾರೆ, ಹೆಸರು ಬೇಡ, ನಿನಗೆ ಗೊತ್ತಾಗುತ್ತದೆ. ನಾವು ಹೋದ ಹಡಗಿನಲ್ಲಿ ಡ್ರಿಲ್ಲಿಗೆ ಎಲ್ಲರೂ ಸಾಲಾಗಿ ನಿಂತಿದ್ದೇವೆ, ಕ್ಯಾಬಿನ್ ಕಾರ್ಡು ಉಜ್ಜಿ ಲೆಕ್ಕ ಹಾಕುತ್ತಿದ್ದಾರೆ, ಇವರೊಬ್ಬರೇ ನಾಪತ್ತೆ. ಸ್ಪೀಕರಿನಲ್ಲಿ ಕ್ಯಾಬಿನ್ ನಂಬರು ಕೂಗಿದರು, ಮತ್ತೆ ಕೂಗಿದರು. ಪಂಜಾಬಿ ಮದುವೆ ಗುಂಪು, ಆಂಧ್ರದ ಸಂಸಾರ, ಕೈಕೂಸುಗಳು ಎಲ್ಲ ಬಿಸಿಲಲ್ಲಿ ಕಾಯುತ್ತ ನಿಂತವು. ಕೊನೆಗೆ ಬಫೆಯಿಂದ ಗುಲಾಬ್ ಜಾಮೂನಿನ ಬಟ್ಟಲ ಸಮೇತ ಬಂದರು. ‘ಡ್ರಿಲ್ಲಾ? ನಿಜವಾಗಿ ಆದಾಗ ಬರೋಣ ಅಂತಿದ್ದೆ’ ಅಂದರು. ಅವರ ಹೆಂಡತಿ ಪ್ರವಾಸ ಮುಗಿಯುವವರೆಗೂ ಮಾತಾಡಿಸಲಿಲ್ಲ. ನಿನ್ನ ಗುಂಪಿನಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಮೊದಲೇ ಗುರುತಿಸಿ, ಪಕ್ಕಕ್ಕೆ ಒಂದು ಗಟ್ಟಿಗಿತ್ತಿಯನ್ನು ನೇಮಿಸು.

ಈಗ ಕೆಲವು ಹಡಗಿನಲ್ಲಿ ಟಿವಿಯಲ್ಲಿ ವಿಡಿಯೊ ನೋಡಿ, ಆಮೇಲೆ ನಿಗದಿ ಜಾಗಕ್ಕೆ ಹೋಗಿ ಕಾರ್ಡು ತೋರಿಸಿ ಬಂದರೆ ಸಾಕು. ವಿಡಿಯೊವನ್ನು ಓಡಲು ಬಿಟ್ಟು ಸ್ನಾನಕ್ಕೆ ಹೋಗುವ ಜಾತಿ ನೀನು, ಅದಕ್ಕೇ ಹೇಳುತ್ತಿದ್ದೇನೆ, ಕೂತು ನೋಡು. ಒಟ್ಟುಸೇರುವ ಜಾಗದ ಅಕ್ಷರ ಕ್ಯಾಬಿನ್ ಬಾಗಿಲ ಹಿಂದೆಯೂ, ಹೆಚ್ಚಾಗಿ ನಿನ್ನ ಕಾರ್ಡಿನ ಮೇಲೂ ಇರುತ್ತದೆ. ಕ್ಯಾಬಿನ್ ಬೇರೆಯಾದರೆ ಈ ಜಾಗವೂ ಬೇರೆ ಆಗಬಹುದು. ಎಲ್ಲರ ಅಕ್ಷರ ಬರೆದಿಟ್ಟುಕೋ. ಹತ್ತಿದ ಮೊದಲ ದಿನವೇ ಎಲ್ಲರನ್ನೂ ಕ್ಯಾಬಿನ್ನಿನಿಂದ ಅಲ್ಲಿಯವರೆಗೆ ಮೆಟ್ಟಿಲಲ್ಲೇ ನಡೆಸು, ಮೊಬೈಲು ನೋಡದೆ. ನಿಮ್ಮಜ್ಜಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿನಗೆ ಆಗಲೇ ತಿಳಿಯುವುದು.

ಲೈಫ್ ಜಾಕೆಟ್ ಹೆಚ್ಚಾಗಿ ಕ್ಯಾಬಿನ್ ಬೀರುವಿನ ಮೇಲರೆಯಲ್ಲಿ ಇರುತ್ತದೆ. ತೂಕಕ್ಕೆ ತಕ್ಕ ಹಾಗೆ: 15 ಕಿಲೋ ಒಳಗಿನ ಕೂಸಿಗೆ ಒಂದು ಬಗೆ, 43 ಕಿಲೋ ಒಳಗಿನ ಮಗುವಿಗೆ ಇನ್ನೊಂದು, ಅದಕ್ಕೆ ಮೇಲ್ಪಟ್ಟವರಿಗೆ ಮತ್ತೊಂದು. ಮಕ್ಕಳದ್ದು ಕ್ಯಾಬಿನ್ನಿನಲ್ಲಿ ಇಲ್ಲದಿದ್ದರೆ ಸ್ಟೂವರ್ಡನನ್ನು ಆಗಲೇ ಕೇಳು, ಅವನೇ ತಂದುಕೊಡುತ್ತಾನೆ. ಹೆಂಗಸರು ಸೆರಗನ್ನು ಸೊಂಟಕ್ಕೆ ಬಿಗಿದು, ಅದರ ಮೇಲೆ ಜಾಕೆಟ್ ಹಾಕಬೇಕು. ಸೆರಗು ಮೇಲೆ ಜೋತಾಡಿದರೆ ಮೆಟ್ಟಿಲಲ್ಲಿ ಹಿಂದಿನವರ ಕಾಲಿಗೆ ಸಿಕ್ಕುತ್ತದೆ. ನಮ್ಮ ಡ್ರಿಲ್‌ನಲ್ಲಿ ನಿಮ್ಮಜ್ಜಿ ‘ಇದರಲ್ಲಿ ನಾನು ದಪ್ಪ ಕಾಣ್ತೀನಿ’ ಅಂದಳು. ಜಾಕೆಟ್ಟಿಗೆ ಕಟ್ಟಿದ ಸೀಟಿಯನ್ನು ಊದಿ ನೋಡಿ, ಅದನ್ನು ಮನೆಗೆ ತರಬಹುದಾ ಅಂತಲೂ ಕೇಳಿದಳು.

ಬೆಂಕಿಯ ಮಾತು ಚಿಕ್ಕದು. ಸಮುದ್ರದಲ್ಲಿ ಫೈರ್ ಎಂಜಿನ್ ಬರುವುದಿಲ್ಲ, ಹಾಗಾಗಿ ಹಡಗಿನವರಿಗೆ ನೀರಿಗಿಂತ ಬೆಂಕಿಯ ಭಯ ಹೆಚ್ಚು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ಲು, ಊದುಬತ್ತಿ, ಕರ್ಪೂರ ಯಾವುದೂ ಬೇಡ. ಸೋದರತ್ತೆಗೆ ಮೊದಲೇ ತಿಳಿಸು, ದೀಪ ಹಚ್ಚದೆ ಕೈಮುಗಿದರೂ ನಮ್ಮ ಹೊಸೂರಿನ ಚಂದ್ರಚೂಡೇಶ್ವರ ಕೋಪಿಸಿಕೊಳ್ಳುವುದಿಲ್ಲ. ಕ್ಯಾಬಿನ್ ಬಾಗಿಲಿಗೆ ಚಪ್ಪಲಿ ಅಡ್ಡ ಇಟ್ಟು ತೆರೆದಿಡುವ ಚಾಳಿಯನ್ನೂ ಬಿಡಿಸು. ಹೊಗೆ ತಡೆಯಲಿ ಅಂತಲೇ ಅದು ತಾನಾಗಿ ಮುಚ್ಚಿಕೊಳ್ಳುವುದು. ಭಾರದ ಬಾಗಿಲು, ಮಕ್ಕಳ ಬೆರಳು ಜೋಪಾನ.

ಬಂದರಿನಲ್ಲಿ ಕೊಟ್ಟ ಸೂಟ್‌ಕೇಸು ಕ್ಯಾಬಿನ್ನಿಗೆ ಬರುವುದು ತಡವಾಗುತ್ತದೆ. ಬಿಪಿ, ಸಕ್ಕರೆ ಮಾತ್ರೆ, ಕಿವಿ ಮೆಷಿನ್ನಿನ ಬ್ಯಾಟರಿ, ಕನ್ನಡಕ ಎಲ್ಲ ಕೈಚೀಲದಲ್ಲೇ ಇರಲಿ. ಟಿಕೆಟ್ಟಿನ ಹೆಸರೂ ಗುರುತುಚೀಟಿಯ ಹೆಸರೂ ಅಕ್ಷರ ಬಿಡದೆ ಒಂದೇ ಇರಬೇಕು. ನಮ್ಮವರ ಇನಿಷಿಯಲ್ ಒಂದು ಚೀಟಿಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ, ಈಗಲೇ ನೋಡಿಬಿಡು. ಹೊಸೂರಿನಿಂದ ಚೆನ್ನೈಗೆ ಸುಮಾರು 300 ಕಿಲೋಮೀಟರ್. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದೇ ಉಸಿರಿಗೆ ಹೋಗುತ್ತೇವೆ ಎನ್ನುವ ನಿನ್ನ ಯೋಜನೆಯಲ್ಲಿ ಕೃಷ್ಣಗಿರಿ ಟೋಲಿನ ಸಾಲಿಗೆ ಜಾಗವೇ ಇಲ್ಲ. ಹಡಗು ಯಾರಿಗೂ ಕಾಯುವುದಿಲ್ಲ. ಹಿಂದಿನ ದಿನವೇ ಹೊರಡಿ. ಮನೆ ಊಟವನ್ನು ಹಡಗಿಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಅಜ್ಜಿಯ ಪುಳಿಯೋಗರೆ ದಾರಿಯಲ್ಲೇ ಖಾಲಿಯಾಗಲಿ. ಚಿಕ್ಕಪ್ಪ ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲಿಸು ಅಂದರೆ ನಿಲ್ಲಿಸು, ಹಿಂದಿನ ದಿನ ಹೊರಟವರಿಗೆ ಅದಕ್ಕೂ ಹೊತ್ತು ಇರುತ್ತದೆ.